ಹದಿನಾಲ್ಕನೇ ಕಲಂ

ತೆರಿಗೆ ಇಲಾಖೆಯಿಂದ ಬಂದ ಕಾಗದವನ್ನು ಅವನು ಇಪ್ಪತ್ತಾರು ದಿನಗಳಿಂದ ಓದುತ್ತಿದ್ದ. ಇಪ್ಪತ್ತಾರು ದಿನ ಓದಿ ಕಂಡುಹಿಡಿದದ್ದು ಒಂದೇ ಒಂದು ತಪ್ಪು. ಎರಡನೇ ಪ್ಯಾರಾದಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿತ್ತು. ಉಳಿದದ್ದೆಲ್ಲ ಸರಿಯಾಗಿತ್ತು, ಅವನ ಸಂಕಟವೇ ಅದು. ನಿಮ್ಮ ಕಳೆದ ವರ್ಷದ ರಿಟರ್ನಿನ ಹದಿನಾಲ್ಕನೇ ಕಲಂನಲ್ಲಿ ನಿಮ್ಮ ಅಕ್ಕನನ್ನು ಅವಲಂಬಿತರೆಂದು ತೋರಿಸಿದ್ದೀರಿ. ಸದರಿಯವರು ಅದೇ ವರ್ಷಕ್ಕೆ ಸ್ವಂತ ರಿಟರ್ನ್ ಸಲ್ಲಿಸಿದ್ದಾರೆ. ಅದರ ಹದಿನಾಲ್ಕನೇ ಕಲಂನಲ್ಲಿ ನಿಮ್ಮನ್ನು ಅವಲಂಬಿತರೆಂದು ತೋರಿಸಿದ್ದಾರೆ. ಆದ್ದರಿಂದ ನಿಮ್ಮ ಕಲಂ ತೆಗೆದುಹಾಕಿ ಲೆಕ್ಕವನ್ನು ತಿದ್ದಲಾಗಿದೆ. ಕೆಳಗೆ ಎರಡು ಚೌಕ. ಒಪ್ಪಿದ್ದೇನೆ, ಒಪ್ಪುವುದಿಲ್ಲ. ಮೂವತ್ತು ದಿನದೊಳಗೆ ಯಾವುದಾದರೂ ಒಂದಕ್ಕೆ ಗುರುತು ಹಾಕಿ ಸಹಿ ಮಾಡಿ ಕಳಿಸಬೇಕು. ಕಾಗದ ಬಂದ ದಿನವೇ ಅವನು ‘ಒಪ್ಪುವುದಿಲ್ಲ’ದ ಚೌಕಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದ. ಮರುದಿನ ಅಳಿಸಿದ. ಆಮೇಲೆ ಹಾಕಿದ, ಅಳಿಸಿದ, ಮತ್ತೆ ಹಾಕಿದ. ಈಗ ಆ ಚೌಕದ ಹತ್ತಿರ ಕಾಗದ ನವೆದು, ಬೆಳಕಿಗೆ ಹಿಡಿದರೆ ಬೆರಳು ಕಾಣಿಸುವಷ್ಟು ತೆಳ್ಳಗಾಗಿತ್ತು. ಇನ್ನು ನಾಲ್ಕು ದಿನ ಉಳಿದಿತ್ತು.

ಒಂದು ಮಾತು ಕೇಳಬಹುದಿತ್ತಲ್ಲ, ಎಂದು ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅಂದುಕೊಂಡ. ಇಪ್ಪತ್ತಾರು ದಿನದಿಂದ ಅವನ ತಲೆಯಲ್ಲಿ ತಿರುಗುತ್ತಿದ್ದದ್ದು ಇದೊಂದೇ ವಾಕ್ಯ. ಒಂದೇ ಸೂರಿನಡಿ ಇದ್ದೀವಿ, ದಿನಕ್ಕೆ ಎರಡು ಹೊತ್ತು ಎದುರುಬದುರು ಕೂತು ಉಣ್ಣುತ್ತೀವಿ, ನಿನ್ನ ಹೆಸರು ಹೀಗೆ ಬರೀತಿದ್ದೀನಿ ಕಣೋ ಅಂತ ಒಂದು ಮಾತು. ಪಕ್ಕದ ಕೋಣೆಯಲ್ಲಿ ಅಕ್ಕನ ಹೊಲಿಗೆ ಯಂತ್ರ ಓಡುತ್ತಿತ್ತು, ನಿಲ್ಲುತ್ತಿತ್ತು, ಓಡುತ್ತಿತ್ತು. ನಿಂತಾಗಲೆಲ್ಲ ಅವನ ಕೈ ಗುಂಡಿಯ ಮೇಲೆ ನಿಲ್ಲುತ್ತಿತ್ತು, ತಾನು ಅಂದುಕೊಂಡದ್ದು ಅವಳಿಗೆ ಕೇಳಿಸಿಬಿಟ್ಟಿತೇನೋ ಎಂಬಂತೆ. ಐವತ್ತಾರು ವರ್ಷದ ಗಂಡಸು, ಅರವತ್ತೊಂದರ ಅಕ್ಕ ಸಾಕುತ್ತಿರುವ ಅವಲಂಬಿತ! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲವಂತೆ. ಇಲ್ಲಿ ಹೋದದ್ದು ಒಂದು ಕಲಂಗೆ, ಅದೂ ಅರ್ಧ ಇಂಚು ಅಗಲದ್ದು. ಪ್ರೆಸ್ಸಿನಲ್ಲಿ ಅವನಿಗೆ ಭೂತಗನ್ನಡಿ ಎಂದು ಹೆಸರಿತ್ತು. ಮೂವತ್ತು ವರ್ಷ ಕರಡು ತಿದ್ದಿದವನು. ರೈಲಿನ ವೇಳಾಪಟ್ಟಿ, ಔಷಧಿ ಡಬ್ಬಿಯೊಳಗಿನ ಚೀಟಿ, ಶಾಲೆಯ ಗಣಿತ ಪುಸ್ತಕ, ಯಾವುದೇ ಬರಲಿ, ಎಡಗಡೆ ಮೂಲಪ್ರತಿ, ಬಲಗಡೆ ಕರಡು, ಸಾಲಿನ ಕೆಳಗೊಂದು ಸ್ಕೇಲು. ಅಕ್ಷರಕ್ಕೆ ಅಕ್ಷರ ಕೂಡಿದರೆ ಸರಿ, ಕೂಡದಿದ್ದರೆ ತಪ್ಪು. ಅರ್ಥ ಓದಬಾರದು, ಓದಿದರೆ ಕಣ್ಣು ಮುಂದೆ ಓಡಿಬಿಡುತ್ತದೆ ಎಂದು ಅವನಿಗೆ ಕೆಲಸ ಕಲಿಸಿದ ಮುದುಕ ಹೇಳಿಕೊಟ್ಟಿದ್ದ. ಒಂದು ಸಲ ಗಣಿತ ಪುಸ್ತಕದಲ್ಲಿ ಏಳೆಂಟಲ ಐವತ್ತನಾಲ್ಕು ಎಂದು ಅಚ್ಚಾಗಿ ಊರೆಲ್ಲ ನಕ್ಕಿತು. ಭೂತಗನ್ನಡಿ ಮೂಲಪ್ರತಿ ತೆಗೆದು ತೋರಿಸಿದ. ಪುಸ್ತಕ ಬರೆದ ಮೇಷ್ಟರೇ ಐವತ್ತನಾಲ್ಕು ಎಂದು ಬರೆದಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿಯವನಯ್ಯಾ ನೀನು, ಎಂದು ಪ್ರೆಸ್ಸಿನ ಯಜಮಾನ ಬೈದ. ಅವನಿಗೆ ಅದು ಬೈಗುಳ ಎಂದೂ ಅನಿಸಿರಲಿಲ್ಲ. ತೆರಿಗೆಯ ಫಾರಂ ತುಂಬುತ್ತಿದ್ದದ್ದೂ ಹಾಗೆಯೇ. ಹಿಂದಿನ ವರ್ಷದ ಪ್ರತಿ ಎಡಗಡೆ, ಖಾಲಿ ಫಾರಂ ಬಲಗಡೆ, ಸ್ಕೇಲು. ಆದಾಯದ ಅಂಕಿಯೊಂದನ್ನು ಬದಲಿಸಿ ಉಳಿದದ್ದನ್ನು ಅಕ್ಷರಕ್ಕೆ ಅಕ್ಷರ ಇಳಿಸುವುದು. ಇಪ್ಪತ್ತೊಂದು ವರ್ಷ ಹದಿನಾಲ್ಕನೇ ಕಲಂನಲ್ಲಿ ಅಕ್ಕ ಇದ್ದಳು, ಇಪ್ಪತ್ತೆರಡನೆಯದರಲ್ಲೂ ಇದ್ದಳು. ಮೂಲಪ್ರತಿಗೂ ನಕಲಿಗೂ ಒಂದು ಚುಕ್ಕೆ ವ್ಯತ್ಯಾಸವಿರಲಿಲ್ಲ.

ಅವನು ಹೊರಬಂದಾಗ ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಒಂದು ತೋಳನ್ನು ತಿರುಗಿಸಿ ಹಿಡಿದಿದ್ದಳು. ನಡುಕೋಣೆ ಪೂರ್ತಿ ದಾದಿಯರ ಸಮವಸ್ತ್ರ. ಕುರ್ಚಿಯ ಮೇಲೆ, ಕಿಟಕಿಯ ಸರಳಿಗೆ, ಬಾಗಿಲ ಮೊಳೆಗೆ, ಎಲ್ಲೆಲ್ಲೂ ತಲೆಯಿಲ್ಲದ ತಿಳಿನೀಲಿ ಹೆಂಗಸರು ನೇತಾಡುತ್ತಿದ್ದರು. ಮೊದಲು ಅಕ್ಕಪಕ್ಕದವರ ಹರಿದ ಬಟ್ಟೆ ಬರುತ್ತಿತ್ತು. ಆಮೇಲೆ ಆಸ್ಪತ್ರೆಯವರು ಒಂದು ಕಟ್ಟು ಕೊಟ್ಟರು, ಆಮೇಲೆ ಹತ್ತು ಕಟ್ಟು. ಅಕ್ಕನ ಕೈಖರ್ಚಿಗಾಯಿತು ಎಂದು ಅವನು ಯಾರಾದರೂ ಕೇಳಿದರೆ ಹೇಳುತ್ತಿದ್ದ.

"ಇವತ್ತು ಪ್ರೆಸ್ ಇದೆಯೇನೋ?" ಅಕ್ಕ ಸೂಜಿಗಳ ನಡುವಿನಿಂದ ಕೇಳಿದಳು.

"ಇದೆ. ವೇಳಾಪಟ್ಟಿ ಬಂದಿದೆಯಂತೆ."

"ಕೊಡೆ ತಗೊಂಡು ಹೋಗು."

ಸುಳ್ಳು ಹೇಳುವುದು ಇಷ್ಟು ಸುಲಭವಾಗಿಬಿಟ್ಟಿದೆಯಲ್ಲ ಎಂದು ಅವನಿಗೆ ಒಳಗೊಳಗೇ ನಾಚಿಕೆಯಾಯಿತು. ಬಾಗಿಲ ಹಿಂದಿನ ಕೊಡೆ ಹೊಸದು. ಕಾಲಿಗೆ ಹಾಕಿಕೊಂಡ ಚಪ್ಪಲಿಯೂ ಹೊಸದೇ. ಹಳೆಯದರ ಉಂಗುಷ್ಠ ಕಿತ್ತುಹೋದ ಮರುದಿನ ಅದೇ ಜಾಗದಲ್ಲಿ ಇದು ಕೂತಿತ್ತು. ಅವನು ಕಾಲು ತೂರಿಸಿದ, ಹೊರಟ. ಯಾರು ತಂದರು, ಯಾವುದರಲ್ಲಿ ತಂದರು ಎಂದು ಕೇಳಲಿಲ್ಲ. ಜಾಣಕುರುಡು ಎನ್ನುವುದು ಇದಕ್ಕೇ. ಪ್ರತಿ ತಿಂಗಳು ಒಂದನೇ ತಾರೀಕು ಸಂಬಳದ ಲಕೋಟೆಯನ್ನು ಬೀರುವಿನ ಮೇಲಿನ ಖಾನೆಯಲ್ಲಿಟ್ಟರೆ ಅವನ ಕೆಲಸ ಮುಗಿಯಿತು; ಬಾಡಿಗೆ, ಕರೆಂಟು, ಹಾಲು ಎಲ್ಲ ಅಕ್ಕನದು. ಮೂರು ವರ್ಷದ ಹಿಂದೆ ಯಜಮಾನ ಅವನನ್ನು ಕರೆದು, ಕಂಪ್ಯೂಟರೇ ತಪ್ಪು ಹುಡುಕುತ್ತೆ ಈಗ, ನಿಮ್ಮನ್ನ ಬಿಟ್ಟಿಲ್ಲ, ಕೆಲಸ ಬಂದಾಗ ಹೇಳಿಕಳಿಸ್ತೀವಿ, ಪುಟಕ್ಕಿಷ್ಟು ಅಂತ ಕೊಡ್ತೀವಿ, ಎಂದ. ಅಂದಿನಿಂದ ಲಕೋಟೆ ತೆಳ್ಳಗಾಗುತ್ತಾ ಬಂತು. ಅವನು ಅದನ್ನು ಮಡಿಸದೆ, ಉದ್ದಕ್ಕೆ, ದಪ್ಪಗೆ ಕಾಣುವಂತೆ ಇಡುತ್ತಿದ್ದ. ಅಕ್ಕ ಅದರ ಬಗ್ಗೆ ಒಂದು ದಿನವೂ ತುಟಿಪಿಟಕ್ಕೆನ್ನಲಿಲ್ಲ. ಅವಳಿಗೆ ಗೊತ್ತಾಗಿಲ್ಲ ಎಂದು ಅವನು ನಂಬಿದ್ದ. ಇಲ್ಲ, ನಂಬಿರಲಿಲ್ಲ. ನಂಬಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಎರಡಕ್ಕೂ ಇರುವ ವ್ಯತ್ಯಾಸ ರಸ್ತೆ ದಾಟುವಾಗ ಅವನಿಗೆ ಸ್ಪಷ್ಟವಾಗಿ ಕಾಣಿಸಿ, ಅವನು ನಡುರಸ್ತೆಯಲ್ಲಿ ನಿಂತ. ಒಬ್ಬ ಸೈಕಲ್ಲಿನವನು ಬೈದುಕೊಂಡು ಪಕ್ಕಕ್ಕೆ ಹಾಯ್ದುಹೋದ.

ತೆರಿಗೆ ಕಚೇರಿಯ ಕ್ಯೂ ಮೆಟ್ಟಿಲವರೆಗೆ ಬಂದಿತ್ತು. ಅವನು ಫೈಲನ್ನು ಎದೆಗವಚಿಕೊಂಡು ಗೋಡೆಯ ಪಕ್ಕ ನಿಂತ. ಆ ಫೈಲಿನಲ್ಲಿ ಇಪ್ಪತ್ತೆರಡು ವರ್ಷದ ಬಾಡಿಗೆ ರಸೀದಿಗಳಿದ್ದವು, ಎಲ್ಲವೂ ಅವನ ಹೆಸರಿನವು. ಅವನ ಹಿಂದೆ ನಿಂತಿದ್ದ ದಪ್ಪ ಮನುಷ್ಯ, ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನಂತೆ, ಯಾರೂ ಕೇಳದಿದ್ದರೂ ತನ್ನ ಪಿಂಚಣಿಯ ಪುರಾಣ ಬಿಚ್ಚಿದ. ನಿಮ್ಮದೇನು ಕೇಸು ಎಂದ. ಸಣ್ಣದು, ಒಂದು ಅಲ್ಪವಿರಾಮದ ವಿಷಯ, ಎಂದು ಭೂತಗನ್ನಡಿ ಹೇಳಿದ. ಡ್ರೈವರು ಅವನನ್ನು ಮೇಲಿಂದ ಕೆಳಗೆ ನೋಡಿದ. ಮುಕ್ಕಾಲು ಗಂಟೆಯ ಮೇಲೆ ಕಿಟಕಿಯ ಮುಂದೆ ನಿಂತಾಗ ಒಳಗಿದ್ದ ಗುಮಾಸ್ತೆಗೆ ಅವನ ಮಗಳ ವಯಸ್ಸಿರಬಹುದಿತ್ತು, ಮಗಳಿದ್ದಿದ್ದರೆ. ಅವಳಿಗೆ ನೆಗಡಿಯಾಗಿತ್ತು. ಕಾಗದ ತೆಗೆದುಕೊಂಡು ಗಟ್ಟಿಯಾಗಿ ಓದಿದಳು.

"ಅವಲಂಬಿತರ ವಿಷಯ. ನೀವು ನಿಮ್ಮ ಅಕ್ಕನ್ನ ತೋರಿಸಿದ್ದೀರಿ, ಅಕ್ಕ ನಿಮ್ಮನ್ನ ತೋರಿಸಿದ್ದಾರೆ. ಇಬ್ಬರೂ ಒಬ್ಬರನ್ನೊಬ್ಬರು ಸಾಕೋಕೆ ಬರಲ್ಲ ಸಾರ್, ಯಾರಾದ್ರೂ ಒಬ್ಬರು ಸಾಕಬೇಕು."

"ಸ್ವಲ್ಪ ಮೆಲ್ಲಗೆ ಹೇಳಮ್ಮಾ."

"ಮೆಲ್ಲಗೇ ಹೇಳ್ತಿದ್ದೀನಿ, ನೆಗಡಿ. ನೀವು ಒಪ್ತೀರೋ ಇಲ್ವೋ?"

"ಒಪ್ಪಲ್ಲ ಅಂತ ಹಾಕಿದ್ರೆ?"

"ಮನೆ ಬಾಡಿಗೆ ಯಾರ ಹೆಸರಲ್ಲಿದೆ?"

"ನನ್ನ ಹೆಸರಲ್ಲಿ. ಕರೆಂಟು, ನೀರು, ಎಲ್ಲಾ ನನ್ನ ಹೆಸರಲ್ಲೇ."

"ರಸೀದಿ ಇದ್ಯಾ?"

ಅವನು ಫೈಲನ್ನು ತಟ್ಟಿದ. ಮಗುವನ್ನು ತಟ್ಟಿದ ಹಾಗೆ ತಟ್ಟಿದೆನಲ್ಲ ಎಂದು ತಕ್ಷಣ ಕೈ ತೆಗೆದ.

"ಹಾಗಿದ್ರೆ ನಿಮ್ಮ ಕಡೆಗೇ ಆಗುತ್ತೆ ಬಿಡಿ. ಕಾಗದ ನಿಮ್ಮ ಹತ್ರ ಇದೆ."

"ಅವಳಿಗೇನಾಗುತ್ತೆ?"

"ಯಾರಿಗೆ, ಅಕ್ಕಂಗಾ? ಸುಳ್ಳು ಮಾಹಿತಿ ಕೊಟ್ಟ ಹಾಗಾಯ್ತಲ್ಲ. ಕರೆಸಿ ಕೇಳ್ತಾರೆ, ದಂಡ ಹಾಕ್ತಾರೆ. ಕಂಟ್ರಾಕ್ಟು ಗಿಂಟ್ರಾಕ್ಟು ಏನಾದ್ರೂ ಇದ್ರೆ ಅದು ಹೋಗಬಹುದು." ಅವಳು ಮೂಗು ಒರೆಸಿಕೊಂಡಳು. "ಒಪ್ಪಿದ್ರೆ ಏನೂ ರಗಳೆಯಿಲ್ಲ. ಚೌಕಕ್ಕೆ ಗುರುತು ಹಾಕಿ. ಹಿಂದುಗಡೆ ‘ಅವಲಂಬಿತರ ಸಹಿ’ ಅಂತಿದೆ ನೋಡಿ, ಅಲ್ಲಿ ನೀವು ಸಹಿ ಹಾಕಬೇಕು. ಪೆನ್ಸಿಲ್ ನಡೆಯಲ್ಲ. ಇಂಕಿನಲ್ಲಿ."

ಏನಾದರೂ ಹೇಳಲೇಬೇಕೆನಿಸಿ ಅವನು, "ಇಲ್ಲಿ ಎರಡನೇ ಪ್ಯಾರಾದಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ," ಎಂದ.

ಗುಮಾಸ್ತೆ ಬಗ್ಗಿ ನೋಡಿದಳು. "ಹೌದಲ್ಲ. ಅದನ್ನೂ ಒಪ್ಪಲ್ಲ ಅಂತ ಬರೀತೀರಾ?" ಅವಳು ಕುಹಕವಾಡಿರಲಿಲ್ಲ, ನಿಜವಾಗಿಯೇ ಕೇಳಿದ್ದಳು, ಅದರಿಂದ ಇನ್ನಷ್ಟು ಅವಮಾನವಾಯಿತು. ಕ್ಯೂನಿಂದ ಪಕ್ಕಕ್ಕೆ ಸರಿದಾಗ ಬಸ್ಸಿನ ಡ್ರೈವರು ಅವನ ಭುಜದ ಮೇಲೆ ಕೈಯಿಟ್ಟು, "ತಲೆ ಕೆಡಿಸ್ಕೋಬೇಡಿ ಸ್ವಾಮಿ. ನನ್ನನ್ನ ನಮ್ಮ ಮನೆಯವಳು ಹತ್ತು ವರ್ಷದಿಂದ ಸಾಕ್ತಿದ್ದಾಳೆ, ಸರ್ಕಾರಕ್ಕೆ ಗೊತ್ತಾಗಿಲ್ಲ ಅಷ್ಟೇ," ಎಂದು ಹೇಳಿ ತನ್ನ ಮಾತಿಗೆ ತಾನೇ ನಕ್ಕ. ಹಿಂದಿನ ನಾಲ್ಕು ಜನರೂ ನಕ್ಕರು. ಅವನೂ ನಗಬೇಕಾಯಿತು.

ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಕೂತು ಅವನು ಪೆನ್ನಿನ ಮುಚ್ಚಳ ತೆಗೆದ. ಕಾಗದ ನಿಮ್ಮ ಹತ್ರ ಇದೆ. ಜೀವಮಾನದಲ್ಲಿ ಯಾರೂ ಅವನಿಗೆ ಅಷ್ಟು ಸಲೀಸಾಗಿ ನೀನೇ ಗೆದ್ದೆ ಎಂದಿರಲಿಲ್ಲ. ಅಕ್ಕ ಕೊಟ್ಟ ಬಾಡಿಗೆಗೆಲ್ಲ ಮನೆಯ ಮಾಲೀಕ ಅವನ ಹೆಸರಿಗೇ ರಸೀದಿ ಬರೆದಿದ್ದಾನೆ, ಕರಾರುಪತ್ರ ಅವನ ಹೆಸರಿನಲ್ಲಿದೆಯಲ್ಲ, ಹಾಗಾಗಿ. ಮೂಲಪ್ರತಿಯೂ ಸರಿ, ನಕಲೂ ಸರಿ. ಇಂಕಿನಲ್ಲಿ ಒಂದು ಗೆರೆ ಎಳೆದರೆ ಅವನು ಮತ್ತೆ ಅಕ್ಕನನ್ನು ಸಾಕುವವನಾಗುತ್ತಾನೆ. ಅಕ್ಕನನ್ನು ಇದೇ ಕಿಟಕಿಯ ಮುಂದೆ ನಿಲ್ಲಿಸಿ ಗಟ್ಟಿಯಾಗಿ ಕೇಳುತ್ತಾರೆ. ಅವಳು ಏನು ಹೇಳುತ್ತಾಳೆ? ಏನೂ ಹೇಳುವುದಿಲ್ಲ, ಅದೇ ಭಯ. ಅವನು ರಸೀದಿಗಳನ್ನು ವರ್ಷದ ಪ್ರಕಾರ ಜೋಡಿಸಿಕೊಳ್ಳುತ್ತಾ ಹೋದ. ಕಟ್ಟಿನ ತಳದಲ್ಲಿ ಮೊದಲ ವರ್ಷದ ಫಾರಂನ ಪ್ರತಿ ಕೈಗೆ ಬಂತು, ಎಲ್ಲ ನಕಲುಗಳ ಮೂಲಪ್ರತಿ. ಹಳದಿಗಟ್ಟಿದ ಹನ್ನೆರಡು ಹಾಳೆ, ಒಂದು ಕಡೆಯೂ ಚಿತ್ತಿಲ್ಲ, ಕಾಟಿಲ್ಲ. ಕೊನೆಯ ಹಾಳೆಯಲ್ಲಿ ಮಾತ್ರ, ‘ಅವಲಂಬಿತರ ಸಹಿ’ಯ ಪಕ್ಕದಲ್ಲಿ, ಅಕ್ಕನ ಹೆಸರು ಸ್ವಲ್ಪ ಕದಡಿಹೋಗಿತ್ತು.

ಕದಡಿದ್ದು ಅವಳ ಕೈ ಒದ್ದೆಯಿದ್ದದ್ದಕ್ಕೆ. ಅವತ್ತು ಅಡುಗೆಮನೆಯಿಂದ ಹಾಗೇ ಬಂದಿದ್ದಳು, ಮುಖ ಅರಳಿತ್ತು. ಪೇಟೆಯ ದೊಡ್ಡ ಬಟ್ಟೆ ಅಂಗಡಿಯವರು ಕತ್ತರಿ ಕೆಲಸಕ್ಕೆ ಒಪ್ಪಿದ್ದಾರಂತೆ ಕಣೋ, ಒಂದನೇ ತಾರೀಕಿನಿಂದ ಬಾ ಅಂದರು, ಎಂದಳು. ಒಳಕೋಣೆಯಲ್ಲಿ ಅಮ್ಮ ಹಾಸಿಗೆ ಹಿಡಿದಿದ್ದಳು, ಅವಳನ್ನು ಎತ್ತಿ ಕೂರಿಸಲು ಒಬ್ಬರು ಬೇಕಿತ್ತು. ಅಮ್ಮನ್ನ ಯಾರು ನೋಡಿಕೊಳ್ಳೋದು ಅಕ್ಕ ಎಂದು ಅವನು ನೇರವಾಗಿ ಕೇಳಬಹುದಿತ್ತು. ಕೇಳಿದ್ದರೆ, ಇಬ್ಬರೂ ಸೇರಿ ನೋಡಿಕೊಳ್ಳೋಣ, ಬೆಳಗ್ಗೆ ನೀನು, ಮಧ್ಯಾಹ್ನ ನಾನು, ಎಂದೋ, ಅಥವಾ ಆಗಲ್ಲ ಎಂದೋ, ಅವಳಿಗೊಂದು ಉತ್ತರ ಕೊಡಲು ದಾರಿಯಿರುತ್ತಿತ್ತು. ಅವನು ಕೇಳಲಿಲ್ಲ. ಮುಂದಿದ್ದ ಹನ್ನೆರಡು ಹಾಳೆಯನ್ನು ತೋರಿಸಿ, "ಫಾರಂ ತುಂಬಿಯಾಯ್ತಲ್ಲ ಅಕ್ಕ, ನಿನ್ನ ಹೆಸರು ಬರೆದಾಯ್ತು. ಇಂಕಿನಲ್ಲಿ ಬರೆದಿದ್ದೀನಿ. ಈಗ ಹೊಡೆದುಹಾಕಿದ್ರೆ ಹಾಳೆಯೆಲ್ಲಾ ಗಲೀಜಾಗುತ್ತೆ," ಎಂದಿದ್ದ. ಆಮೇಲೆ ಎಷ್ಟೋ ವರ್ಷ ಅದು ತಾನು ಆಡಿದ ತಮಾಷೆ ಎಂದು ಅವನು ನೆನಪಿಟ್ಟುಕೊಂಡಿದ್ದ. ತಮಾಷೆಯಾಗಿರಲಿಲ್ಲ. ಆ ಹಾಳೆ ಗಲೀಜಾಗುವುದು ಅವನಿಗೆ ನಿಜಕ್ಕೂ ಬೇಕಿರಲಿಲ್ಲ. ಅಕ್ಕ ಕೈಯನ್ನು ಸೀರೆಗೆ ಒರೆಸಿಕೊಂಡಳು, ಸರಿಯಾಗಿ ಒರೆಸಿಕೊಳ್ಳಲಿಲ್ಲ. ಎಲ್ಲಿ ಹಾಕಬೇಕು ಎಂದಳು. ಅವನು ಬೆರಳಿಟ್ಟು ತೋರಿಸಿದ. ಅಂಗಡಿಯ ಮಾತು ಮನೆಯಲ್ಲಿ ಮತ್ತೆ ಬರಲಿಲ್ಲ. ಎರಡು ವರ್ಷದ ಮೇಲೆ ಅಮ್ಮ ತೀರಿಕೊಂಡಳು, ಆಗಲಾದರೂ ಆ ಕಲಂ ಬದಲಿಸಬಹುದಿತ್ತು. ಅವನು ಸ್ಕೇಲಿಟ್ಟು ನಕಲು ಮಾಡಿದ. ಬೆಂಚಿನ ಮೇಲೆ ಕೂತವನು ಆ ಹಾಳೆಗಳನ್ನು ಮತ್ತೆ ಕಟ್ಟಿನ ತಳಕ್ಕೆ ಸೇರಿಸಿದ. ಹತ್ತೊಂಬತ್ತು ವರ್ಷ ತಾನು ಅವಳನ್ನು ಸಾಕಿದ್ದು ಸುಳ್ಳಲ್ಲ. ಆದರೆ ಸಾಕುವ ಮೊದಲು ಅವಳ ಕಾಲು ಕಟ್ಟಿಹಾಕಿದ್ದೂ ಸುಳ್ಳಲ್ಲ. ಇದನ್ನು ಯಾವ ಇಲಾಖೆಯೂ ತಿದ್ದಿ ಕಳಿಸುವುದಿಲ್ಲ. ಅವನು ಪೆನ್ನಿನ ಮುಚ್ಚಳ ಹಾಕಿ, ಫೈಲು ಕಟ್ಟಿ, ಮನೆಯ ಕಡೆ ಹೊರಟ.

ಮಧ್ಯಾಹ್ನದ ಬಿಸಿಲಿಗೆ ನಡುಕೋಣೆಯ ತಿಳಿನೀಲಿ ಇನ್ನೂ ತೆಳುವಾಗಿ ಕಾಣುತ್ತಿತ್ತು. ಅಕ್ಕ ತಲೆಯೆತ್ತದೆ, "ಬೇಗ ಬಂದೆ," ಎಂದಳು.

"ಪ್ರೆಸ್ಸಿಗೆ ಹೋಗಿರಲಿಲ್ಲ."

"ಗೊತ್ತು."

"ತೆರಿಗೆ ಆಫೀಸಿಗೆ ಹೋಗಿದ್ದೆ."

"ಅದೂ ಗೊತ್ತು. ಆ ಕಾಗದದ ಒಂದು ಪ್ರತಿ ನನಗೂ ಬಂದಿತ್ತು, ನಿನಗೆ ಬಂದ ದಿನಾನೇ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ನೋಡ್ತಾ ಇದ್ದೆ." ಅವಳು ದಾರ ಕಚ್ಚಿ ತುಂಡುಮಾಡಿದಳು. "ಕೂತ್ಕೋ. ಆ ಕುರ್ಚಿ ಮೇಲಿಂದು ಈಚೆ ಇಡು, ಮುದುರಬೇಡ."

ಅವನು ಸಮವಸ್ತ್ರಗಳ ರಾಶಿಯನ್ನು ತೊಡೆಯ ಮೇಲಿಟ್ಟುಕೊಂಡೇ ಕೂತ. ಹಬೆಯಾಡುವ ಇಸ್ತ್ರಿಯ ಬಿಸಿ ಅವುಗಳಲ್ಲಿ ಇನ್ನೂ ಇತ್ತು. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಕಲಸಿಹೋಯಿತು. ಕ್ಷಮೆ ಕೇಳಲೆಂದು ಬಂದವನ ಬಾಯಿಂದ ಬಂದದ್ದು ಅದೇ ಹಳೆಯ ವಾಕ್ಯ.

"ಒಂದು ಮಾತು ನನ್ನ ಕೇಳಬಹುದಿತ್ತಲ್ಲ ಅಕ್ಕ."

ಅಕ್ಕ ಯಂತ್ರದಿಂದ ಕೈ ತೆಗೆದಳು. ಸಿಟ್ಟಾಗುತ್ತಾಳೆ ಎಂದುಕೊಂಡ, ಆಗಲಿಲ್ಲ. "ಆಸ್ಪತ್ರೆಯವರು ರಿಟರ್ನ್ ಹಾಕಿದ ರಸೀದಿ ಇಲ್ಲದೆ ಕಂಟ್ರಾಕ್ಟು ಕೊಡಲ್ಲ ಅಂದ್ರು. ಫಾರಂ ತುಂಬಿಕೊಡೋನ ಹತ್ರ ಹೋದೆ. ಮನೇಲಿ ಯಾರ್ಯಾರಿದ್ದಾರೆ ಅಂದ, ಇಬ್ಬರು ಅಂದೆ. ಸಂಸಾರ ಯಾರ ದುಡ್ಡಲ್ಲಿ ನಡೆಯುತ್ತೆ ಅಂದ. ಏನಂತ ಹೇಳಲಿ? ಇದ್ದದ್ದು ಹೇಳಿದೆ. ಅವನು ಬರೆದ. ಈಗಿನ ಫಾರಂನಲ್ಲಿ ಅವಲಂಬಿತರ ಸಹಿ ಕೇಳಲ್ವಂತೆ."

"ನನಗೆ ಒಂದು ಮಾತು..."

"ನೀನು ನನ್ನ ಕೇಳಿದ್ದೆಯೇನೋ?"

ಅವನು ಇಲ್ಲ ಎಂದು ತಲೆಯಾಡಿಸಿದ. ಆ ಅಂಗಡಿಯ ಕೆಲಸ, ಎಂದು ಶುರುಮಾಡಿದ.

"ಆ ಅಂಗಡಿ ಮುಚ್ಚಿ ಹೋಯ್ತು ಬಿಡು, ಯಾವ ಕಾಲವಾಯ್ತು," ಎಂದಳು ಅಕ್ಕ. ಅದು ಕ್ಷಮೆಯೋ ಸಮಾಧಾನವೋ ಬರೀ ಸುದ್ದಿಯೋ ಅವನಿಗೆ ತಿಳಿಯಲಿಲ್ಲ. ತಿಳಿಯಬೇಕೆಂದು ಹಟ ಮಾಡಲು ತನಗೆ ಹಕ್ಕಿಲ್ಲವೆಂದು ಮಾತ್ರ ತಿಳಿಯಿತು. ರಾಶಿಯನ್ನು ಮುದುರದಂತೆ ಪಕ್ಕಕ್ಕಿಟ್ಟು, ಹೊಲಿಗೆ ಯಂತ್ರದ ಹಲಗೆಯ ಮೇಲೆಯೇ ಕಾಗದ ಹರಡಿದ. ನವೆದುಹೋದ ಚೌಕವನ್ನು ಬಿಟ್ಟು ಇನ್ನೊಂದಕ್ಕೆ ಇಂಕಿನಲ್ಲಿ ಗುರುತು ಹಾಕಿದ. ಹಿಂದೆ ತಿರುಗಿಸಿದ. ಅವಲಂಬಿತರ ಸಹಿ. ಅಷ್ಟು ಸಣ್ಣ ಗೆರೆ, ಅದರ ಮೇಲೆ ಪೆನ್ನು ಊರಿ ಅವನು ಹಾಗೇ ನಿಂತುಬಿಟ್ಟ. ಮುಖ ಬಿಸಿಯಾಗಿತ್ತು. ಇಷ್ಟೆಲ್ಲ ಗೊತ್ತಾದ ಮೇಲೂ, ನ್ಯಾಯ ಯಾವುದೆಂದು ಕಣ್ಣೆದುರು ಕಂಡ ಮೇಲೂ, ಹೊಟ್ಟೆಯ ತಳದಿಂದ ಎದ್ದು ಬರುತ್ತಿದ್ದದ್ದು ಪಶ್ಚಾತ್ತಾಪವಲ್ಲ, ಬೇರೆ ಏನೋ.

ಅಕ್ಕ ಅವನ ಮುಖವನ್ನೇ ನೋಡುತ್ತಿದ್ದಳು.

"ಸಿಟ್ಟು ಬರ್ತಿದೆಯಾ?"

"ಬರ್ತಿದೆ."

"ಬರಲಿ. ನನಗೂ ಬಂದಿತ್ತು. ಆದರೂ ಅವತ್ತು ಹಾಕಿದ್ದೆ."

ಅವನೂ ಹಾಕಿದ.